ಸಮಾಜಕಾರ್ಯ ಮತ್ತು ರಾಜಕೀಯದ ನಂಟು

ಮಾನ್ಯ ಸಂಪಾದಕರೇ,

ಸಮಾಜಕಾರ್ಯಕರ್ತರು ರಾಜಕೀಯದ ಗೊಡವೆಗೆ ಹೋಗದೆ ಸೇವೆಯನ್ನಷ್ಟೇ ಮಾಡಿಕೊಂಡಿರಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಈ ವೃತ್ತಿಯ ಚರಿತ್ರೆಯಲ್ಲಿ ಅದಕ್ಕೆ ಆಧಾರ ಕಾಣುವುದಿಲ್ಲ. 1869ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ದಾನ ಸಂಘಟನಾ ಸೊಸೈಟಿಯು ಬಡತನವನ್ನು ಬಹುಮಟ್ಟಿಗೆ ವ್ಯಕ್ತಿಯ ನಡತೆಯ ದೋಷವೆಂದು ಬಗೆದು, ನೆರವಿಗೆ ‘ಅರ್ಹರು’ ಯಾರೆಂದು ವಿಚಾರಣೆ ನಡೆಸುತ್ತಿತ್ತು (ಈ ವಿಂಗಡಣೆಯೂ ರಾಜಕೀಯವೇ ಅಲ್ಲವೇ?). ಆದರೆ 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಷಿಕಾಗೋದಲ್ಲಿ ಆರಂಭಿಸಿದ ಹಲ್ ಹೌಸ್ ಎಂಬ ಸಮಾಜಸೇವಾ ಕೇಂದ್ರದಲ್ಲಿ ನೆಲೆಸಿದ್ದ ಕಾರ್ಯಕರ್ತರು, ವಲಸಿಗ ಕಾರ್ಮಿಕರ ನೆರೆಯಲ್ಲೇ ಬದುಕಿದ್ದರಿಂದ, ಕೂಲಿ, ವಸತಿ, ನೈರ್ಮಲ್ಯಗಳ ಪ್ರಶ್ನೆ ದಾನದಿಂದ ಬಗೆಹರಿಯದೆಂದು ಕಂಡುಕೊಂಡರು. ಅವರಲ್ಲೊಬ್ಬರಾದ ಫ್ಲಾರೆನ್ಸ್ ಕೆಲ್ಲಿ ದುಡಿಮೆಯ ತಾಣಗಳನ್ನು ಹೊಕ್ಕು ಸಂಗ್ರಹಿಸಿದ ವಿವರಗಳ ಬಲದಿಂದ, 1893ರಲ್ಲಿ ಇಲಿನಾಯ್ ರಾಜ್ಯವು 14 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಗಳಲ್ಲಿ ದುಡಿಸುವುದನ್ನು ನಿಷೇಧಿಸಿ, ಮಹಿಳೆಯರ ದುಡಿಮೆಗೆ ದಿನಕ್ಕೆ 8 ಗಂಟೆಯ ಮಿತಿ ಹಾಕಿತು. ಆ ಮಿತಿಯನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1895ರಲ್ಲಿ ರದ್ದುಗೊಳಿಸಿತೆಂಬುದು ಬೇರೆ ಮಾತು. ಹಲ್ ಹೌಸ್‌ನಲ್ಲಿ ಸ್ವಯಂಸೇವೆ ಮಾಡಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಮುಂದೆ ಅಮೆರಿಕದ ಕಾರ್ಮಿಕ ಸಚಿವೆಯಾಗಿ 1935ರ ಸಾಮಾಜಿಕ ಭದ್ರತಾ ಕಾಯ್ದೆಯನ್ನು ರೂಪಿಸುವಲ್ಲಿ ಮುಂಚೂಣಿಯಲ್ಲಿದ್ದರು.

ಹೀಗಿರುವಾಗ, ಅನುದಾನ ನಿಂತೀತೆಂದು ಬಾಯಿ ಮುಚ್ಚಿಕೊಂಡ ಸಂಸ್ಥೆಗಳ ಮೌನವನ್ನು ‘ತಟಸ್ಥತೆ’ ಎಂದು ಕರೆಯುವುದು ನನಗೆ ಸರಿಯೆನಿಸುವುದಿಲ್ಲ.

– ಓರ್ವ ಓದುಗ