ಒಂದು ಕಿವಿಯಲ್ಲಿ ಕೇಳಿದ್ದನ್ನು ಮತ್ತೆ ಕೇಳಿಸಿದವರಿಗೆ

ಮೊನ್ನೆ ಸೆಪ್ಟೆಂಬರ್ 9ರ ಬೆಳಿಗ್ಗೆ ಅಮೆರಿಕದ ಡೆನ್ವರ್ ಹತ್ತಿರದ ಬಯಲು ರಂಗಮಂದಿರ ರೆಡ್ ರಾಕ್ಸ್‌ನ ಮೆಟ್ಟಿಲ ಮೇಲೆ ಕೂತು, ಮೂಡಿ ಬ್ಲೂಸ್ ಅನ್ನುವ ರಾಕ್ ತಂಡದ ಹಳೆಯ ರೆಕಾರ್ಡಿಂಗ್‌ನಲ್ಲಿ ರೇ ಥಾಮಸ್‌ರ ಕೊಳಲನ್ನು ಕೇಳಿದೆ. ಇದ್ದ ಒಂದು ಕಿವಿಯೂ ಹೋಗಿ ಹದಿನೆಂಟು ತಿಂಗಳ ಮೇಲೆ ಮೊದಲ ಸಲ ಅದು ನನಗೆ ಕೊಳಲಿನ ಹಾಗೇ ಕೇಳಿಸಿತು. ಮನೆಗೆ ಬಂದವನೇ ನಿಮಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಲು ಹೋದೆ. ಎರಡನೆಯವರ ಹತ್ತಿರ ಮಾತಾಡುವಷ್ಟರಲ್ಲಿ ಗಂಟಲು ಕಟ್ಟಿಕೊಂಡಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪ್ರತಿ ವರ್ಷ ಆ ದಿನ ಅಲ್ಲಿ ಸೇರುವ ನಮ್ಮ ಬಳಗದಲ್ಲಿ ಅರ್ಧಕ್ಕರ್ಧ ಜನಕ್ಕೆ ಕನ್ನಡ ಬರುವುದಿಲ್ಲ, ಅವರಿಗೆ ಮಗಳು ಇಂಗ್ಲಿಷಿನಲ್ಲಿ ಓದಿ ಹೇಳುತ್ತಾಳೆ. ಮನಸ್ಸಿನಲ್ಲಿರುವುದನ್ನು ಹೇಳಬೇಕಾದರೆ ನನಗೆ ಈ ಭಾಷೆಯೇ ಬೇಕು.

ನನ್ನನ್ನು ಅಷ್ಟಾಗಿ ಬಲ್ಲದವರಿಗೆ ಸ್ವಲ್ಪ ಹಿಂದಿನ ಕಥೆ. ನಾನು ತಿಪಟೂರಿನ ಕಡೆಯವನು. ಆರನೇ ಕ್ಲಾಸಿನಲ್ಲಿದ್ದಾಗ ಮಂಗನಬಾವು ಬಂದು ಬಲಗಿವಿ ಪೂರ್ತಿ ಹೋಯಿತು. ಅಲ್ಲಿಂದಾಚೆ ನನ್ನ ಪಾಲಿನ ಸದ್ದೆಲ್ಲ ಎಡಗಿವಿಯದೇ. ಕ್ಲಾಸಿನಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲಿ ಕೂತರೂ ಜನ ಎಡಕ್ಕೆ ಬರುವ ಹಾಗೆ ಜಾಗ ಹುಡುಕಿ ಕೂರುವುದು ರೂಢಿಯಾಯಿತು. ಎಂಜಿನಿಯರ್ ಆಗಿ ಡೆನ್ವರಿಗೆ ಬಂದ ಮೇಲೂ ಹಾಗೇ.

1992ರಲ್ಲಿ ಆಫೀಸಿನ ಹಿರಿಯರೊಬ್ಬರ ಹೆಂಡತಿಗೆ ಜ್ವರ ಬಂದು ಅವರ ಕೈಯಲ್ಲಿ ಒಂದು ಟಿಕೆಟ್ ಉಳಿಯಿತು. ‘ಬರ್ತೀಯಾ?’ ಅಂದರು. ಯಾವ ಬ್ಯಾಂಡ್ ಅಂತಲೂ ಕೇಳದೆ ಹೊರಟೆ. ಅವತ್ತು ಸೆಪ್ಟೆಂಬರ್ 9, ಬುಧವಾರ. ರೆಡ್ ರಾಕ್ಸ್ ಇರುವುದು ಡೆನ್ವರಿನ ಪಶ್ಚಿಮಕ್ಕೆ, ಮಾರಿಸನ್ ಊರಿನ ಪಕ್ಕ, ಸಮುದ್ರಮಟ್ಟದಿಂದ 6,450 ಅಡಿ ಎತ್ತರದಲ್ಲಿ. ಎರಡು ಕಡೆ ಆಕಾಶಕ್ಕೆ ಎದ್ದು ನಿಂತ ಕೆಂಪು ಬಂಡೆ, ನಡುವೆ ಇಳಿಜಾರಿನಲ್ಲಿ ಒಂಬತ್ತೂವರೆ ಸಾವಿರ ಜನ ಕೂರುವಷ್ಟು ಸಾಲು. ನನ್ನ ಎಡಗಿವಿ ವೇದಿಕೆಯ ಕಡೆಗೆ ಬರಲಿ ಅಂತ ಆ ಹಿರಿಯರು ತಮ್ಮ ಸೀಟನ್ನೇ ಬಿಟ್ಟುಕೊಟ್ಟರು. ಆ ಸೀಟಿಗೆ ಇವತ್ತು, ಇಷ್ಟು ವರ್ಷವಾದ ಮೇಲೆ, ಥ್ಯಾಂಕ್ಸ್ ಹೇಳುತ್ತಿದ್ದೇನೆ ಸಾರ್. ಅವತ್ತು ಹೇಳಿದ್ದೆನೋ ಇಲ್ಲವೋ ನೆನಪಿಲ್ಲ.

ಅವತ್ತು ನುಡಿಸಿದ ಮೂಡಿ ಬ್ಲೂಸ್ ಅಂದರೆ ಯಾರು ಅಂತ ಆಮೇಲೆ ತಿಳಿದುಕೊಂಡೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1964ರಲ್ಲಿ ಕೂಡಿದ ತಂಡ. 1967ರ ನವೆಂಬರಿನಲ್ಲಿ ‘ಡೇಸ್ ಆಫ್ ಫ್ಯೂಚರ್ ಪಾಸ್ಡ್’ ಅನ್ನುವ ರೆಕಾರ್ಡ್ ತಂದರು. ಬೆಳಗಿನ ಜಾವದಿಂದ ರಾತ್ರಿಯವರೆಗಿನ ಒಂದು ದಿನ ಅದರ ಕಥೆ. ಪ್ರೋಗ್ ರಾಕ್, ಅಂದರೆ ಪ್ರೋಗ್ರೆಸಿವ್ ರಾಕ್, ಎಂದು ಮುಂದೆ ಹೆಸರಾದ ಸಂಗೀತದ ಬೇರುಗಳಲ್ಲಿ ಅದೂ ಒಂದು. ಅದರಲ್ಲಿ ಆರ್ಕೆಸ್ಟ್ರಾ ಇದೆ, ಪೀಟರ್ ನೈಟ್ ಬರೆದು ನಡೆಸಿದ್ದು. ಆದರೆ ಬಹುಮಟ್ಟಿಗೆ ಹಾಡು ಬೇರೆ, ಆರ್ಕೆಸ್ಟ್ರಾ ಬೇರೆ. ಒಂದು ಮುಗಿದಲ್ಲಿ ಇನ್ನೊಂದು ಶುರುವಾಗುತ್ತದೆ. ‘ನೈಟ್ಸ್ ಇನ್ ವೈಟ್ ಸ್ಯಾಟಿನ್’ ಹಾಡಿನ ಒಳಗೆ ಪಿಟೀಲುಗಳ ಗುಂಪಿನ ಹಾಗೆ ಕೇಳುತ್ತದಲ್ಲ, ಅದು ಪಿಟೀಲೇ ಅಲ್ಲ. ಮೈಕ್ ಪಿಂಡರ್ ನುಡಿಸುತ್ತಿದ್ದ ಮೆಲೊಟ್ರಾನ್. ಪ್ರತಿ ಕೀಲಿಗೆ ಒಂದು ಟೇಪಿನ ತುಂಡು, ಅದರಲ್ಲಿ ಯಾರೋ ನುಡಿಸಿಟ್ಟ ಒಂದು ಸ್ವರ. ಒತ್ತಿ ಹಿಡಿದರೆ ಸುಮಾರು 8 ಸೆಕೆಂಡು ಬರುತ್ತದೆ, ಟೇಪ್ ಮುಗಿದರೆ ಸದ್ದೂ ಮುಗಿಯಿತು. ಪಿಂಡರ್ ಆ ಯಂತ್ರ ತಯಾರಾಗುವ ಕಾರ್ಖಾನೆಯಲ್ಲೇ ಕೆಲಸ ಮಾಡಿದ್ದವರು, ಅದರ ಹುಳುಕೆಲ್ಲ ಗೊತ್ತಿದ್ದವರು.

ಅಂದರೆ ಇಪ್ಪತ್ತೈದು ವರ್ಷ ಆ ತಂಡ ಆರ್ಕೆಸ್ಟ್ರಾದ ಜಾಗದಲ್ಲಿ ಯಂತ್ರಗಳನ್ನೇ ಇಟ್ಟುಕೊಂಡು ಊರೂರು ತಿರುಗಿತ್ತು. ನಿಜವಾದ ಆರ್ಕೆಸ್ಟ್ರಾ ಜೊತೆ ಕೂತು ಜನರೆದುರು ನುಡಿಸಿದ್ದು ಆ ರಾತ್ರಿಯೇ ಮೊದಲು. ಲ್ಯಾರಿ ಬೇರ್ಡ್ ಕೋಲು ಎತ್ತಿದರು, ಕೊಲರಾಡೊ ಸಿಂಫನಿ ಶುರುವಾಯಿತು. ನಾನು ರೇಡಿಯೋದಲ್ಲಿ ಸಿನಿಮಾ ಹಾಡು ಕೇಳಿ ಬೆಳೆದವನು. ಹಾಡಿನ ಹಿಂದೆ ಪಿಟೀಲುಗಳ ಗುಂಪು ಏರಿ ಇಳಿಯುವುದು ಕಿವಿಗೆ ಗೊತ್ತಿತ್ತು, ಆದರೆ ಆ ಸದ್ದಿಗೆ ಅಷ್ಟು ಕೈಗಳಿವೆ ಅಂತ ಕಣ್ಣಾರೆ ಕಂಡದ್ದು ಅವತ್ತು. ಎಲ್ಲ ಕಮಾನುಗಳೂ ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ, ಗಾಳಿಗೆ ಭತ್ತದ ಗದ್ದೆ ಬಾಗಿದ ಹಾಗೆ. ಜಸ್ಟಿನ್ ಹೇವರ್ಡ್‌ರ ದನಿ ಅದರ ಮೇಲೆ ತೇಲಿ ಬಂತು. ಒಂದೇ ಕಿವಿಯಲ್ಲಿ ಕೇಳಿದೆ. ಸಾಕಾಗಿತ್ತು.

ಇಲ್ಲಿ ಆ ವಾದಕರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹಳೆಯ ಡೆನ್ವರ್ ಸಿಂಫನಿ 1989ರಲ್ಲಿ ಹಣವಿಲ್ಲದೆ ಬಾಗಿಲು ಹಾಕಿತು. ಅದರ ವಾದಕರೇ ಕೂಡಿ ಕೊಲರಾಡೊ ಸಿಂಫನಿ ಕಟ್ಟಿಕೊಂಡರು. ಆ ವೇದಿಕೆ ಹತ್ತಿದಾಗ ಅದಕ್ಕೆ ಬರೀ ಮೂರು ವರ್ಷ. ಮುರಿದ ಮನೆಯಿಂದ ಎದ್ದು ಬಂದವರು ಅವತ್ತು ಆ ಚಳಿಗಾಳಿಯಲ್ಲಿ ಕೂತು ನುಡಿಸಿದ್ದರಿಂದಲೇ ನನ್ನ ಹತ್ತಿರ ಈಗ ನೆನಪಿಸಿಕೊಳ್ಳಲು ಏನಾದರೂ ಇದೆ. ಅವರಿಗೆ ನನ್ನ ನಮಸ್ಕಾರ.

ಮುಂದಿನ ವರ್ಷ ಆ ರಾತ್ರಿಯ ರೆಕಾರ್ಡಿಂಗ್ ಬಂತು. ಕಾರಿನಲ್ಲಿ ಅದರ ಕ್ಯಾಸೆಟ್ ಸವೆದು ಹೋಯಿತು, ಸೀಡಿ ಕೊಂಡೆ, ಆಮೇಲೆ ಫೋನು. ಮಗಳು ಅದನ್ನು ಕೇಳಿಕೊಂಡೇ ನಿದ್ದೆ ಹೋಗುತ್ತಿದ್ದಳು.

ಕಳೆದ ವರ್ಷ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಎದ್ದರೆ ಮನೆ ನಿಶ್ಶಬ್ದ. ಹೆಂಡತಿ ಬಾಯಿ ಆಡಿಸುತ್ತಿದ್ದಾಳೆ, ಸದ್ದಿಲ್ಲ. ಸ್ಟೀರಾಯ್ಡ್ ಕೊಟ್ಟರು, ಕಿವಿಯೊಳಗೆ ಇಂಜೆಕ್ಷನ್ ಕೊಟ್ಟರು, ಆಗಲಿಲ್ಲ. ಕೊನೆಗೆ ಎಡಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿದರು, ಸದ್ದನ್ನು ವಿದ್ಯುತ್ ಮಿಡಿತವಾಗಿ ಕಿವಿಯ ನರಕ್ಕೆ ಮುಟ್ಟಿಸುವ ಯಂತ್ರ. ಆ ತಿಂಗಳುಗಳನ್ನು ವಿವರಿಸುವ ಆಸೆ ನನಗಿಲ್ಲ. ಹೆಂಡತಿ ಒಂದು ಸ್ಲೇಟು ತಂದು ಅದರಲ್ಲಿ ಬರೆದು ಮಾತಾಡಿಸಿದಳು, ದಿನಕ್ಕೆ ಮೂವತ್ತು ನಲವತ್ತು ಸಲ, ಒಮ್ಮೆಯೂ ಮುಖ ಸಿಂಡರಿಸದೆ. ಆ ಸ್ಲೇಟು ಈಗಲೂ ಅಡುಗೆಮನೆಯ ಕಿಟಕಿಯಲ್ಲಿದೆ. ಅದನ್ನು ತೆಗೆಯಬೇಡ ಅಂದಿದ್ದೇನೆ.

ಆಪರೇಷನ್ ಆಗಿ ಗಾಯ ಮಾಗಲು ಬಿಟ್ಟು ಸುಮಾರು ನಾಲ್ಕು ವಾರಕ್ಕೆ ಯಂತ್ರ ಆನ್ ಮಾಡಿದರು. ತಲೆಯ ಪಕ್ಕಕ್ಕೆ ಬಿಲ್ಲೆ ಹಿಡಿದರೆ ಒಳಗಿನ ಮ್ಯಾಗ್ನೆಟ್ ಟಕ್ ಅಂತ ಎಳೆದುಕೊಳ್ಳುತ್ತದೆ. ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟ್ ಏನೋ ಅಂದರು. ತಗಡಿನ ಡಬ್ಬದಲ್ಲಿ ಕಡಲೆಬೀಜ ಅಲ್ಲಾಡಿಸಿದ ಹಾಗೆ ಕೇಳಿಸಿತು. ಹುಟ್ಟಿನಿಂದ ಬಂದ ಕಿವಿಯಲ್ಲಿ ಸದ್ದನ್ನು ಹಿಡಿದು ಕೊಡುವ ಕೂದಲುಕೋಶಗಳು ಮೂರು ಸಾವಿರಕ್ಕೂ ಹೆಚ್ಚು. ನನಗೆ ಹಾಕಿರುವ ಎಳೆಯಲ್ಲಿ ಎಲೆಕ್ಟ್ರೋಡ್ ಇರುವುದು 22. ಮಾತಿಗೆ ಅಷ್ಟು ಸಾಕು, ಮಿದುಳು ಕಲಿತುಕೊಳ್ಳುತ್ತದೆ. ಎರಡು ತಿಂಗಳಲ್ಲಿ ಹೆಂಡತಿಯ ಮಾತು ತಿಳಿಯತೊಡಗಿತು, ಮೂರನೇ ತಿಂಗಳಿಗೆ ಫೋನೂ ಆಯಿತು. ಸಂಗೀತದ ವಿಷಯ ಬೇರೆ. ಶ್ರುತಿಯ ಏರಿಳಿತ ಅಷ್ಟು ಕಡಿಮೆ ಎಲೆಕ್ಟ್ರೋಡುಗಳಲ್ಲಿ ಸರಿಯಾಗಿ ಸಿಗುವುದಿಲ್ಲ. ಹತ್ತು ವಾದ್ಯ ಒಟ್ಟಿಗೆ ಬಂದರೆ ಕಲಸಿಹೋಗುತ್ತವೆ. ಧೈರ್ಯ ಮಾಡಿ ಒಂದು ದಿನ ಆ ರಾತ್ರಿಯ ರೆಕಾರ್ಡಿಂಗ್ ಹಾಕಿದೆ. ಜಲ್ಲಿಕಲ್ಲಿನ ಲಾರಿ ಸುರಿದ ಹಾಗಾಯಿತು. ಅರ್ಧ ನಿಮಿಷ ಕೇಳಿ ಬಿಲ್ಲೆ ಕಿತ್ತು ಮೇಜಿನ ಮೇಲಿಟ್ಟೆ.

ಪ್ರತಿ ಸೆಪ್ಟೆಂಬರ್ 9ಕ್ಕೆ ರೆಡ್ ರಾಕ್ಸ್‌ನಲ್ಲಿ ಸೇರುವ ನಿಮಗೆಲ್ಲ ಆಗಲೇ ಬರೆದದ್ದು, ‘ಇನ್ನು ನಾನು ಬರುವುದಿಲ್ಲ, ನನ್ನನ್ನು ಬಿಟ್ಟುಬಿಡಿ’ ಅಂತ. ನೀವು ಬಿಡಲಿಲ್ಲ.

ಪ್ವೆಬ್ಲೋದಲ್ಲಿ ಸ್ಕೂಲ್ ಬಸ್ ಓಡಿಸಿ ನಿವೃತ್ತರಾದ ನಮ್ಮ ಬಳಗದ ಅಣ್ಣ ಹದಿನೇಳು ಹಾಳೆ ಬರೆದು ಕಳಿಸಿದರು. ಒಂದೊಂದು ಹಾಡಿಗೂ ನಿಮಿಷ, ಸೆಕೆಂಡು. ಇಲ್ಲಿ ಕೊಳಲು ಬರುತ್ತದೆ, ಇಲ್ಲಿ ಪಿಟೀಲು ಮೇಲೆ ಹತ್ತುತ್ತದೆ, ಇಲ್ಲಿ ಜಾನ್ ಲಾಡ್ಜ್‌ರ ಬಾಸ್ ಒಂದೇ ಕೇಳುತ್ತದೆ, ಮೊದಲು ಇದನ್ನು ಹಿಡಿ. ಪಕ್ಕದಲ್ಲಿ ಅವತ್ತು ತಾವು ಎಲ್ಲಿ ಕೂತಿದ್ದರು, ಯಾವ ಹಾಡಿಗೆ ತಮ್ಮ ತಮ್ಮನ ಭುಜ ಹಿಡಿದುಕೊಂಡರು ಅಂತಲೂ ಬರೆದಿದ್ದರು. ಆ ತಮ್ಮ ಈಗಿಲ್ಲ. ಅಣ್ಣಾ, ಆ ಹದಿನೇಳು ಹಾಳೆ ನನ್ನ ಹತ್ತಿರ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿವೆ.

ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ನನ್ನ ಒಡಹುಟ್ಟಿದ ಅಣ್ಣನ ಮಗಳು ವಿಡಿಯೋದಲ್ಲಿ ಬಂದು ಹೇಳಿದ್ದು ಒಂದೇ ಮಾತು: ‘ಚಿಕ್ಕಪ್ಪ, ಹೊಸ ಹಾಡು ಮುಟ್ಟಬೇಡಿ. ಬಾಯಿಪಾಠ ಇರೋದನ್ನೇ ಕೇಳಿ. ಕಿವಿ ಕೊಡದೆ ಇರೋದನ್ನ ನೆನಪು ತುಂಬಿಕೊಡುತ್ತೆ.’ ತಾಳ ಮಾತ್ರ ಇಂಪ್ಲಾಂಟಿನಲ್ಲಿ ಚೆನ್ನಾಗಿ ಸಿಗುತ್ತದೆ, ಅಲ್ಲಿಂದ ಶುರುಮಾಡಿ ಅಂತಲೂ ಅವಳೇ ಹೇಳಿಕೊಟ್ಟಳು.

ಹೆಂಡತಿ ಹುಡುಗಿಯಾಗಿದ್ದಾಗ ಸಂಗೀತ ಕಲಿತವಳು. ಈ ಬ್ಯಾಂಡಿನ ಬಗ್ಗೆ ಮೂವತ್ತು ವರ್ಷದಿಂದ ಅವಳದು ‘ನಿಮ್ಮ ಹಾಡು’ ಅನ್ನುವ ಮಾತು. ಅವಳು ‘ನೈಟ್ಸ್ ಇನ್ ವೈಟ್ ಸ್ಯಾಟಿನ್’ ಹಾಕಿಕೊಂಡು ನನ್ನ ಎದುರು ಕೂತು, ‘ರೀ, ಇದು ತಿಶ್ರನಡೆ ಕಣ್ರೀ, ಎಣಿಸಿ’ ಅಂದಳು. ನನ್ನ ಅಂಗೈ ಹಿಡಿದು ಅದರ ಮೇಲೆ ತಕಿಟ ತಕಿಟ ಅಂತ ಬೆರಳಲ್ಲಿ ಹಾಕಿದಳು. ಹಾಡು ಇನ್ನೂ ಜಲ್ಲಿಯೇ. ಆದರೆ ಜಲ್ಲಿ ಹೆಜ್ಜೆ ಹಾಕತೊಡಗಿತು. ಐದಾರು ವಾರ ದಿನಾ ಸಂಜೆ ಇದೇ.

ಲೇಕ್‌ವುಡ್‌ನ ಟೀಚರ್, ಶಾಲೆಯಲ್ಲಿ ವಯೋಲಾ ಕಲಿಸುತ್ತಿದ್ದವರು, ಅವತ್ತು ಮೇಲಿನ ಸಾಲುಗಳಲ್ಲಿ ಕೂತಿದ್ದವರು, ನವೆಂಬರಿನಿಂದ ಪ್ರತಿ ಶನಿವಾರ ವಾದ್ಯ ಹೊತ್ತುಕೊಂಡು ನಮ್ಮ ಮನೆಗೆ ಬಂದರು. ಹಿಮ ಬಿದ್ದ ದಿನವೂ ಬಂದರು. ಆರ್ಕೆಸ್ಟ್ರಾದ ಸದ್ದನ್ನು ಒಂದೊಂದೇ ಎಳೆಯಾಗಿ ಬಿಡಿಸಿ ನುಡಿಸಿದರು, ಯಾಕೆಂದರೆ ಒಂದೇ ವಾದ್ಯವಾದರೆ ನನ್ನ ಯಂತ್ರಕ್ಕೆ ಸಿಗುತ್ತದೆ. ಮೊದಲ ದಿನ ನನ್ನ ಕೈಯನ್ನು ಹಿಡಿದು ವಯೋಲಾದ ಬೆನ್ನ ಮೇಲೆ ಇಟ್ಟುಕೊಂಡು ಕಮಾನು ಎಳೆದರು. ಮರ ನಡುಗುವುದು ಅಂಗೈಗೆ ಗೊತ್ತಾಯಿತು, ತಲೆಯೊಳಗೆ ಏನೋ ಗೀರುವುದೂ ಗೊತ್ತಾಯಿತು. ಅದೇ ಸ್ವರವನ್ನು ಮತ್ತೆ ಮತ್ತೆ ಎಳೆದರು. ಇಪ್ಪತ್ತನೆಯದೋ ಮೂವತ್ತನೆಯದೋ ಸಲಕ್ಕೆ ಅಂಗೈಯದೂ ತಲೆಯದೂ ಒಂದಾಯಿತು. ಟೀಚರ್, ನೀವು ಕಾಫಿ ಬಿಟ್ಟು ಬೇರೇನನ್ನೂ ತೆಗೆದುಕೊಳ್ಳಲಿಲ್ಲ. ಕೊಡಲು ನನ್ನ ಹತ್ತಿರ ಸರಿಸಮನಾದದ್ದೂ ಇಲ್ಲ.

ಆ ಚಳಿಗಾಲದಲ್ಲಿ ನನಗೆ ಮೆಲೊಟ್ರಾನ್ ಬಹಳ ನೆನಪಾಗುತ್ತಿತ್ತು. ಟೇಪಿನ ತುಂಡಿನಿಂದ ಬಂದ ಆ ಅಲುಗುವ, ಸ್ವಲ್ಪ ತುಕ್ಕು ಹಿಡಿದಂಥ ಸದ್ದನ್ನು ಜನ ಪಿಟೀಲು ಅಂತಲೇ ಒಪ್ಪಿಕೊಂಡು ಅತ್ತಿದ್ದರು. 22 ಎಲೆಕ್ಟ್ರೋಡಿನಿಂದ ಬರುವ ಸದ್ದನ್ನು ನಾನೂ ಒಪ್ಪಿಕೊಳ್ಳಬಹುದು ಅಂತ ಒಂದು ರಾತ್ರಿ ಅನ್ನಿಸಿತು. ಮಾರನೇ ದಿನದಿಂದ ಅಭ್ಯಾಸಕ್ಕೆ ಕೂರುವುದು ಹಗುರವಾಯಿತು.

ಪಿಂಡರ್ 2024ರಲ್ಲಿ ತೀರಿಕೊಂಡರು. ರೆಡ್ ರಾಕ್ಸ್ ಹೊತ್ತಿಗೆ ಅವರು ತಂಡ ಬಿಟ್ಟು ಎಷ್ಟೋ ವರ್ಷವಾಗಿತ್ತು, ಆದರೆ ಅವತ್ತು ಕಮಾನುಗಳು ಎಳೆದ ಎಷ್ಟೋ ಸಾಲುಗಳು ಮೊದಲು ಅವರ ಬೆರಳಿನಿಂದ ಬಂದವು. ಡ್ರಮ್ ನುಡಿಸುತ್ತ ‘ಡೇಸ್ ಆಫ್ ಫ್ಯೂಚರ್ ಪಾಸ್ಡ್’ ರೆಕಾರ್ಡಿನ ಕವಿತೆಯನ್ನೂ ಬರೆದ ಗ್ರೇಮ್ ಎಡ್ಜ್ 2021ರಲ್ಲಿ ಹೋದರು. ರೇ ಥಾಮಸ್ 2018ರ ಜನವರಿಯಲ್ಲೇ ಹೋದರು, ತಂಡವನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡದ್ದು ಅದೇ ಏಪ್ರಿಲ್‌ನಲ್ಲಿ. ಮೂರು ತಿಂಗಳು ಇದ್ದಿದ್ದರೆ ಅಂತ ನಾವೆಲ್ಲ ಎಷ್ಟು ಸಲ ಮಾತಾಡಿಕೊಂಡಿದ್ದೇವೆ. ಅವರಿಗೆ ನನ್ನ ಕೃತಜ್ಞತೆ ಮುಟ್ಟಿಸುವ ದಾರಿ ಇನ್ನಿಲ್ಲ. ಆದ್ದರಿಂದ ಅವರನ್ನು ಕೇಳಿದ ನಿಮಗೇ ಒಪ್ಪಿಸುತ್ತಿದ್ದೇನೆ.

ಮೊನ್ನೆ ಬೆಳಿಗ್ಗೆಯ ವಿಷಯ. ಕಾರ್ಯಕ್ರಮ ಇಲ್ಲದ ಹೊತ್ತಿನಲ್ಲಿ ಅಲ್ಲಿ ಯಾರು ಬೇಕಾದರೂ ಹೋಗಬಹುದು, ಎಷ್ಟೋ ಜನ ಮೆಟ್ಟಿಲು ಹತ್ತಿ ಇಳಿದು ವ್ಯಾಯಾಮ ಮಾಡುತ್ತಿದ್ದರು. ನೀವೆಲ್ಲ ನನ್ನ ಬಲಕ್ಕೆ ಬಾರದೆ ಎಡಕ್ಕೇ ಸಾಲಾಗಿ ಕೂತಿರಿ. ಯಾರೂ ಹೇಳಿಕೊಟ್ಟಿರಲಿಲ್ಲ. ಮಗಳು ಫೋನನ್ನು ನನ್ನ ಯಂತ್ರಕ್ಕೆ ಜೋಡಿಸಿದಳು, ಹೆಂಡತಿ ಅಂಗೈ ಹಿಡಿದುಕೊಂಡಳು. ಅಣ್ಣನ ಹಾಳೆ ತೊಡೆಯ ಮೇಲೆ. ಹಾಡು ನಡುವಿಗೆ ಬಂತು, ದನಿ ನಿಂತಿತು. ಆಮೇಲೆ ಒಂದು ತೆಳ್ಳಗಿನ, ಉಸಿರು ಬೆರೆತ ಎಳೆ, ಮೇಲೆ ಹೋಗಿ ಅಲ್ಲೇ ಸ್ವಲ್ಪ ಹೊತ್ತು ನಿಂತು ಇಳಿಯಿತು. ಅದರಲ್ಲಿ ಯಂತ್ರ ಕೊಟ್ಟದ್ದೆಷ್ಟು, ನೆನಪು ಕೊಟ್ಟದ್ದೆಷ್ಟು ಅಂತ ಬಿಡಿಸಲು ನನಗೆ ಬರುವುದಿಲ್ಲ. ಕೊಳಲು ಕೊಳಲಾಗಿತ್ತು. ನಾನು ಅಳುತ್ತಿದ್ದುದನ್ನು ನೋಡಿ ಮೆಟ್ಟಿಲು ಹತ್ತುತ್ತಿದ್ದ ಒಬ್ಬ ಹುಡುಗಿ ನಿಂತು ನೀರಿನ ಬಾಟಲಿ ಕೊಟ್ಟು ಹೋದಳು. ಆ ಹುಡುಗಿಗೂ ಥ್ಯಾಂಕ್ಸ್.

ಪಿಟೀಲು ಯಾವುದು, ವಯೋಲಾ ಯಾವುದು ಅಂತ ಒಟ್ಟಿಗೆ ಬಂದಾಗ ಇನ್ನೂ ತಿಳಿಯುವುದಿಲ್ಲ. ‘ಇಸಂಟ್ ಲೈಫ್ ಸ್ಟ್ರೇಂಜ್’ ಶುರುವಾದರೆ ಇನ್ನೂ ಅರ್ಧ ಜಲ್ಲಿಯೇ. ಟೀಚರ್, ಈ ಶನಿವಾರ ಅಲ್ಲಿಂದ ಹಿಡಿಯೋಣ. ಈ ಸಲ ನಾನೇ ಬರುತ್ತೇನೆ, ನೀವು ವಾದ್ಯ ಹೊರುವುದು ಬೇಡ. ಕಾಫಿಪುಡಿ ನಾನು ತರುತ್ತೇನೆ.