ತೇಪೆಗೆ ಬಿಲ್ಲಿಲ್ಲ

ಮಾನ್ಯ ಸಂಪಾದಕರೇ,

ದಾವಣಗೆರೆಯ ಪತ್ತಿನ ಸಹಕಾರ ಸಂಘವೊಂದರಲ್ಲಿ ಹನ್ನೊಂದು ವರ್ಷಗಳಿಂದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಸರ್ವರಿಗೆ ಬರುವ ಎಕ್ಸ್‌ಎಂಎಲ್ (ಮಾಹಿತಿ ಬರೆದಿಡುವ ಒಂದು ಮಾದರಿ) ಕಡತಗಳನ್ನು ಓದಿ ಬಿಡಿಸುವುದು ಲಿಬ್‌ಎಕ್ಸ್‌ಎಂಎಲ್2 ಎಂಬ ಲೈಬ್ರರಿ, ಅಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡ್. 2025ರ ಜೂನ್‌ನಲ್ಲಿ ಅದರ ದೋಷವೊಂದು ಬೆಳಕಿಗೆ ಬಂತು.

ದೋಷವಿದ್ದದ್ದು ಎರಡು ಹೆಸರುಗಳ ನಡುವೆ ಕೋಲನ್ ಇಟ್ಟು ಜೋಡಿಸುವ ಚಿಕ್ಕ ಭಾಗದಲ್ಲಿ. ಕೊಟ್ಟ ಜಾಗಕ್ಕೆ ಹಿಡಿಸುತ್ತದೆಯೇ ಎಂದು ಮೊದಲು ಎರಡರ ಉದ್ದ ಕೂಡಿ ನೋಡುತ್ತದೆ. ಮೊತ್ತ ಸುಮಾರು 214 ಕೋಟಿಯ ಮಿತಿ ದಾಟಿತೋ, ಹಳೆಯ ಸ್ಕೂಟರಿನ ಮೀಟರು 99999ರ ನಂತರ ಸೊನ್ನೆಗೆ ಮರಳುವಂತೆ, ಲೆಕ್ಕ ತಿರುಗಿ ಋಣ ಸಂಖ್ಯೆಯಾಗುತ್ತದೆ. ಋಣ ಉದ್ದ ಯಾವ ಪಾತ್ರೆಗೂ ಹಿಡಿಸುತ್ತದಲ್ಲ! ಪಾವಿಗೆ ಖಂಡುಗ ಸುರಿದಂತೆ ಅಕ್ಷರಗಳು ಪಕ್ಕದ ಮೆಮೊರಿಗೆಲ್ಲ ಚೆಲ್ಲುತ್ತವೆ. ಇದೇ ಬಫರ್ ಓವರ್‌ಫ್ಲೋ. ಅಷ್ಟು ದೊಡ್ಡ ಕಡತವನ್ನು ಯಾರು ಕಳಿಸುತ್ತಾರೆ ಎಂದು ಕೇಳಬಹುದು. ಬೇಕೆಂದೇ ಕಳಿಸುವವನನ್ನು ತಡೆಯಲಿಕ್ಕೇ ತಾನೆ ನನ್ನಂಥವನನ್ನು ಇಟ್ಟುಕೊಂಡಿರುವುದು.

2.14.4 ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು. ದೀಪಾವಳಿ ಕಳೆದ ಮೇಲೆ ನಮ್ಮ ಸರ್ವರಿನಲ್ಲಿ ನೋಡಿದರೆ ಇದ್ದದ್ದು 2.9.7, ಅಂದರೆ 2017ರ ಸರಕು. ಸಂಖ್ಯೆ ಹಳೆಯದಿದ್ದರೂ ದೋಷ ಮುಚ್ಚುವ ತೇಪೆ, ಅಂದರೆ ಪ್ಯಾಚ್, ಬಿದ್ದಿರಬಹುದೆಂದು (ಸರ್ವರ್ ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್ ಒದಗಿಸುವವರು ಹಾಗೆ ಮಾಡುವುದುಂಟು) ದಾಖಲೆ ತೆಗೆದೆ. ಕೊನೆಯ ಅಪ್‌ಡೇಟ್ ಆಗಿ ಎರಡು ವರ್ಷ! ತಂತ್ರಾಂಶ ಹಾಕಿಕೊಟ್ಟವರಿಗೆ ಫೋನ್ ಮಾಡಿದೆ. ‘ಎಎಂಸಿಯಲ್ಲಿ (ವಾರ್ಷಿಕ ನಿರ್ವಹಣೆಯ ಕರಾರಿನಲ್ಲಿ) ಅದು ಬರುವುದಿಲ್ಲ ಸಾರ್. ನಡೆಯುತ್ತಿದೆಯಲ್ಲ, ಯಾಕೆ ಮುಟ್ಟುತ್ತೀರಿ?’ ಎಂದರು. ಒಂದು ಭಾನುವಾರ ನಾನೇ ಕುಳಿತು ಮುಗಿಸಿದೆ. ಸೋಮವಾರ ಪಿಗ್ಮಿ ವಸೂಲಿಯ ವರದಿ ಪ್ರಿಂಟ್ ಆಗದೆ ಅಧ್ಯಕ್ಷರಿಂದ ಬೈಸಿಕೊಂಡದ್ದು ಬೇರೆ ಮಾತು.

ಬಿಲ್ಲಿಲ್ಲದ ದುಡಿಮೆ ನನ್ನೊಬ್ಬನ ಪಾಡಲ್ಲ. ಆಗ ಆ ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದ ನಿಕ್ ವೆಲ್ನ್‌ಹೋಫರ್, ದೋಷ ಬೆಳಕಿಗೆ ಬಂದ ಆ ಜೂನ್‌ನಲ್ಲೇ ಕೈಚೆಲ್ಲಿದರು. ಸಂಬಳವಿಲ್ಲದೆ ವಾರವಾರವೂ ಹಲವು ಗಂಟೆ ಭದ್ರತಾ ದೂರುಗಳಿಗೇ ಹೋಗುತ್ತಿದೆ, ಇನ್ನು ಅವನ್ನು ಗುಟ್ಟಾಗಿಡದೆ ಉಳಿದ ದೋಷಗಳಂತೆಯೇ ನೋಡುತ್ತೇನೆ ಎಂದು ಘೋಷಿಸಿದರು. ಆಪಲ್, ಗೂಗಲ್‌ಗಳ ಉತ್ಪನ್ನಗಳಲ್ಲೂ ಇರುವ ಲೈಬ್ರರಿ ಅದು! ಅವರನ್ನು ನಾನಂತೂ ದೂರಲಾರೆ.

ನಮ್ಮ ಆಡಿಟ್‌ನಲ್ಲಿ ಚಹಾದ ವೋಚರಿಗೂ ಲೆಕ್ಕ ಕೇಳುತ್ತಾರೆ. ಸರ್ವರಿನ ಕೊನೆಯ ಅಪ್‌ಡೇಟ್ ದಿನಾಂಕವನ್ನೂ ಕೇಳುವಂತಾಗಲಿ. ತೇಪೆ ಹಾಕುವ ಕೆಲಸವನ್ನು ಬರೆಯದ ಎಎಂಸಿ ಕರಾರಿಗೆ ಆಡಳಿತ ಮಂಡಳಿಗಳು ಸಹಿ ಹಾಕಬಾರದು.

ಓದುಗ, ದಾವಣಗೆರೆ