ಸೀನನಿಗೆ, ಪೋಪರಿಂಗೆಯಿಂದ ಬಂದ ಮೇಲೆ

ಪ್ರೀತಿಯ ಸೀನ,

ಹೇಗಿದ್ದೀಯ? ಛತ್ರಿ ಸಿಕ್ಕಿತಾ?

ಶನಿವಾರ ಪೋಪರಿಂಗೆಗೆ ಹೋಗಿದ್ದೆ. ಬೆಲ್ಜಿಯಂನಲ್ಲಿ, ಈಪರ್ ಪಟ್ಟಣದ ಹತ್ತಿರದ ಪುಟ್ಟ ಊರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಬಿಡುವು ಸಿಕ್ಕಾಗ ಇಲ್ಲಿಗೆ ಬರುತ್ತಿದ್ದರು. 1915ರ ಡಿಸೆಂಬರಿನಲ್ಲಿ ಟಬ್ಬಿ ಕ್ಲೇಟನ್ ಎಂಬ ಸೇನೆಯ ಪಾದ್ರಿ ಅವರಿಗಾಗಿ ಒಂದು ಮನೆ ತೆರೆದರು, ಟಾಲ್ಬಟ್ ಹೌಸ್. ಈಗಲೂ ಹಾಗೇ ಇದೆ. ಹೋದವರಿಗೆ ಟೀ ಕೊಡುತ್ತಾರೆ.

ಅಟ್ಟದ ಮೆಟ್ಟಿಲು ನಮ್ಮಜ್ಜಿ ಮನೆ ಏಣಿಯಷ್ಟೇ ಕಡಿದು. ಮೇಲೆ ಪುಟ್ಟ ಪ್ರಾರ್ಥನಾ ಕೋಣೆ. ಬಡಗಿಯ ಹಳೇ ಮೇಜೇ ಅಲ್ಲಿನ ಪೀಠ. ಕಂದಕಕ್ಕೆ ವಾಪಸ್ ಹೋಗುವ ಮುಂಚೆ ಎಷ್ಟೋ ಹುಡುಗರು ಅಲ್ಲಿ ಮಂಡಿಯೂರಿದ್ದಾರೆ. ಕ್ಲೇಟನ್ ಕೋಣೆಯ ಬಾಗಿಲಲ್ಲಿ, ಒಳಗೆ ಬರುವವರೆಲ್ಲ ರ‍್ಯಾಂಕ್ ಬಿಟ್ಟು ಬನ್ನಿ ಅಂತ ಬರೆದಿತ್ತಂತೆ. ಲೈಬ್ರರಿಯಲ್ಲಿ ಟೋಪಿ ಅಡ ಇಟ್ಟು ಪುಸ್ತಕ ಒಯ್ಯಬೇಕಿತ್ತು.

ಯುದ್ಧ ಮುಗಿದ ಮೇಲೂ ಕ್ಲೇಟನ್ ಆ ಹುಡುಗರ ಕೈ ಬಿಡಲಿಲ್ಲ. ಬದುಕಿ ಉಳಿದವರನ್ನು ಕೂಡಿಸಿ ಟಾಕ್ ಎಚ್ ಎಂಬ ಸಂಘ ಕಟ್ಟಿದರು. ಪಾದ್ರಿಯಾಗಲು ಬಯಸಿದ ಮಾಜಿ ಸೈನಿಕರಿಗೆ ಇಂಗ್ಲೆಂಡಿನ ನಟ್ಸ್‌ಫರ್ಡ್‌ನ ಹಳೇ ಜೈಲಿನಲ್ಲಿ ಶಾಲೆ ನಡೆಸಿದರು. 1922ರಿಂದ 40 ವರ್ಷ ಲಂಡನ್ನಿನ ಆಲ್ ಹ್ಯಾಲೋಸ್ ಚರ್ಚಿನಲ್ಲಿದ್ದರು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಅದು ಹಾಳಾದಾಗ ಮತ್ತೆ ಎದ್ದು ನಿಲ್ಲುವಂತೆ ಮಾಡಿದರು. 1972ರಲ್ಲಿ, 87ನೇ ವಯಸ್ಸಿನಲ್ಲಿ ತೀರಿಕೊಂಡರು.

ಆ ಅಟ್ಟದಲ್ಲಿ ನನಗೆ ನೆನಪಾದದ್ದು ಮಿಲಿಟ್ರಿ ಚಿಕ್ಕಪ್ಪ.

ಅವರು ರಜೆಗೆ ಬಂದಾಗ ನಾವು ಕೇಳುತ್ತಿದ್ದದ್ದು ಎರಡೇ. ಎಷ್ಟು ಜನರಿಗೆ ಗುಂಡು ಹಾಕಿದಿರಿ? ನಮಗೇನು ತಂದಿರಿ? ರಿಟೈರ್ ಆದ ಮೇಲೆ ಅದನ್ನೂ ಕೇಳಲಿಲ್ಲ. ಹೋದ ಸಲ ಊರಿಗೆ ಬಂದಾಗ ಒಂದು ರಾತ್ರಿ ಜಗಲಿಯಲ್ಲಿ ಅವರೇ ಮಾತು ತೆಗೆದರು. "ನನ್ನ ಪಕ್ಕದಲ್ಲೇ ಇದ್ದ ಕಣೋ ಅವನು. ಇದನ್ನ ಪಲ್ಟನ್ನಿನ ಪಂಡಿತ್‌ಜಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ" ಅಂದರು. ನಾನು ಫೋನ್ ಬಂತು ಅಂತ ಎದ್ದು ಹೋದೆ. ಸೀನ, ಫೋನ್ ಬಂದಿರಲಿಲ್ಲ. ಅವರು ಅತ್ತುಬಿಟ್ಟರೆ ಏನು ಮಾಡೋದು ಅಂತ ಹೆದರಿದೆ. ವಾಪಸ್ ಬಂದಾಗ ಲೈಟ್ ಆರಿಸಿ ಮಲಗಿದ್ದರು.

ಇದನ್ನು ಇಲ್ಲಿ ಬರೆಯಬೇಕು ಅಂತ ಕೂತಿರಲಿಲ್ಲ. ಬಂದುಬಿಟ್ಟಿತು, ಇರಲಿ.

ಡಿಸೆಂಬರಿಗೆ ನಾನು ಬರುತ್ತೇನೆ. ಅಲ್ಲಿಯವರೆಗೆ ಭಾನುವಾರ ಒಮ್ಮೆ ಅವರ ಮನೆ ಕಡೆ ಹೋಗು. ಏನೂ ಕೇಳಬೇಡ, ಸುಮ್ನೆ ಟೀ ಕುಡಿದು ಕೂತಿರು. ಚಿಕ್ಕಮ್ಮ ಚಕ್ಕುಲಿ ಕೊಟ್ಟರೆ ಬೇಡ ಅನ್ನಬೇಡ. ಛತ್ರಿ ಅಲ್ಲೇ ಇದ್ದರೂ ಇರಬಹುದು, ಬಾಗಿಲ ಹಿಂದೆ ನೋಡು.

ನಿನ್ನ,
ಗುಂಡ